ದನಕರುಗಳ ಆಹಾರದಲ್ಲಿ ಅಡಗಿದ ಔಷಧ

ಬಾಗಲಕೋಟೆ, ಬದಾಮಿ, ಹುನಗುಂದ, ಇಳಕಲ್ಲ ಸೀಮೆಯ ಒಕ್ಕಲು ಮನೆತನಗಳಿಗೆ ಎತ್ತು ಎಮ್ಮೆಗಳೂ ಕುರಿ ಆಡುಗಳೂ ಮನೆಯ ಮಕ್ಕಳಿದ್ದಂತೆ. ಜೋಳದ ಕಣಿಕೆ, ಶೇಂಗಾ ಹೊಟ್ಟು, ಕುಸುಬೆಯ ಹಿಂಡಿ ಇವು ಹಿರಿಯರ ಕಾಲದಿಂದ ಬಂದ ಮೇವುಗಳು. ಮುಗ್ಗಿದ ಹಿಂಡಿಯನ್ನು ನಮ್ಮ ಮನೆಯ ಮುದುಕಿಯರು ಮೂಸಿ ನೋಡಿಯೇ ಕಂಡುಹಿಡಿಯುವರು. ಆದರೆ ಈಗ ಕಾರಖಾನೆಯ ಚೀಲದ ಆಹಾರವೂ ಗೋದಲಿಯನ್ನು ಸೇರಿರುವದು. ಅದರಲ್ಲಿ ಬೇಡದ ಔಷಧವು ಬೆರೆತಿದ್ದರೆ ಅದು ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು.

ಇದು ಬೆರೆಯುವದು ಹೇಗೆ? ಕೋಳಿಗಳ ರಕ್ತಭೇದಿಯನ್ನು ತಡೆಯಲು ಅವುಗಳ ಆಹಾರದಲ್ಲಿ ಮೊನೆನ್ಸಿನ್ ಮೊದಲಾದ ಔಷಧಗಳನ್ನು ಕೂಡಿಸುವ ವಾಡಿಕೆಯುಂಟು. ಅದೇ ಯಂತ್ರದಲ್ಲಿ ಮುಂದೆ ಬೇರೆ ಪ್ರಾಣಿಯ ಆಹಾರವನ್ನು ತಯಾರಿಸಿದರೆ ಹಿಂದಿನದರ ಶೇಷವು ಅದರಲ್ಲಿ ಸೇರುವದು. ಕೋಳಿಗೆ ಹಿತವಾದುದು ಕುದುರೆಗೆ ವಿಷ. ಅರ್ಧದಷ್ಟು ಪ್ರಾಣಿಗಳನ್ನು ಕೊಲ್ಲುವ ಮೊನೆನ್ಸಿನ್ನಿನ ಪ್ರಮಾಣವು, ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ, ಕೋಳಿಯಲ್ಲಿ ಸುಮಾರು 200 ಮಿಲಿಗ್ರಾಮು, ಕುರಿಯಲ್ಲಿ ಸುಮಾರು 12, ಕುದುರೆಯಲ್ಲಿ ಕೇವಲ 2–3. ಅದು ಹೃದಯವನ್ನೂ ಸ್ನಾಯುಗಳನ್ನೂ ಕೆಡಿಸುವದು, ಅದಕ್ಕೆ ಪ್ರತಿವಿಷವಿಲ್ಲ. ಆದುದರಿಂದಲೇ ಯುರೋಪಿನ ಒಕ್ಕೂಟವು 2009ರಲ್ಲಿ, ಕುರಿ, ಆಡು, ಕುದುರೆಗಳ ಆಹಾರದ ಕಿಲೋಗ್ರಾಮಿನಲ್ಲಿ ಇದರ ಶೇಷವು 1.25 ಮಿಲಿಗ್ರಾಮನ್ನು ಮೀರಕೂಡದೆಂದು ಕಟ್ಟುಮಾಡಿತು.

ಇಷ್ಟು ಅಲ್ಪವಾದುದನ್ನು ಪ್ರಯೋಗಶಾಲೆಯಲ್ಲಿ ಹಿಡಿಯುವ ಬಗೆ ಸೋಜಿಗದ್ದು. ಆಹಾರವನ್ನು ಪುಡಿಮಾಡಿ, ತಕ್ಕ ದ್ರಾವಣದಲ್ಲಿ ನೆನೆಯಿಸಿ ಸತ್ವವನ್ನು ತೆಗೆಯುವರು. ಆ ಸತ್ವವು ಸಣ್ಣ ನಳಿಕೆಯೊಳಗೆ ಹಾಯುವಾಗ ಅದರಲ್ಲಿಯ ವಸ್ತುಗಳು ಒಂದೊಂದಾಗಿ ಬೇರ್ಪಡುವವು. ತರುವಾಯ ಮತ್ತೊಂದು ಯಂತ್ರವು ಅವುಗಳ ಅಣುಗಳನ್ನು ತೂಗಿ, ಒಡೆದು, ಚೂರುಗಳ ಗುರುತಿನಿಂದ ಹೆಸರನ್ನು ತಿಳಿಸುವದು.

ಆದರೆ ಇಲ್ಲೊಂದು ಮರ್ಮವುಂಟು. ಸಾಮಾನ್ಯ ಪರೀಕ್ಷೆಯು ಕೇಳಿದ ಔಷಧವನ್ನಷ್ಟೇ ಹುಡುಕುವದು. ಕೇಳದಿದ್ದುದು ಎದುರಿಗಿದ್ದರೂ ವರದಿಯಲ್ಲಿ 'ದೋಷವಿಲ್ಲ' ಎಂದೇ ಬರಬಹುದು. ಆದಕಾರಣ ಯಾವ ಪ್ರಾಣಿ, ಎಷ್ಟು ತಿಂದಿತು, ಏನೇನು ಲಕ್ಷಣಗಳು ಕಂಡವು ಎಂಬುದನ್ನು ಪಶುವೈದ್ಯರ ಮುಖಾಂತರ ಬರೆದು ಕಳಿಸುವದು ಮಾದರಿಯಷ್ಟೇ ಅವಶ್ಯವಾದುದು.

ಪ್ರಾಣಿಯು ಮೇವು ಬಿಟ್ಟು ನಡುಗಿದರೆ ಆ ಆಹಾರವನ್ನು ಕೂಡಲೆ ನಿಲ್ಲಿಸಿ ವೈದ್ಯರನ್ನು ಕರೆಯಿಸಬೇಕು. ಚೀಲವನ್ನೂ ಅದರ ಚೀಟಿಯನ್ನೂ ಒಗೆಯಲಾಗದು. ಔಷಧವು ಎಲ್ಲ ಕಡೆಗೂ ಸಮನಾಗಿ ಬೆರೆತಿರುವದಿಲ್ಲವಾದ್ದರಿಂದ ಹಲವು ಚೀಲಗಳ ಮೇಲು, ನಡು, ತಳಗಳಿಂದ ಹಿಡಿಹಿಡಿ ತೆಗೆದು ಕೂಡಿಸಿ, ಅರ್ಧವನ್ನು ಪರೀಕ್ಷೆಗೆ ಕೊಟ್ಟು ಉಳಿದರ್ಧವನ್ನು ಮುದ್ರೆಯೊತ್ತಿ ಇಡತಕ್ಕದ್ದು. ಕೋಳಿಯ ಆಹಾರವು ಅಗ್ಗವೆಂದು ಕುರಿಗೆ ಹಾಕುವದಂತೂ ಸಲ್ಲದು.

ಈ ಎಚ್ಚರವು ಮನುಷ್ಯರಿಗೂ ಬೇಕಾದುದೇ. ಬೇರೆ ಮದ್ದುಗಳು ಸೋತಾಗ ರೋಗಿಗೆ ಕೊಡುವ ಕೊಲಿಸ್ಟಿನ್ನನ್ನು ಆಹಾರಪ್ರಾಣಿಗಳಿಗೆ ಬಳಸಲು ಮಾರಕೂಡದೆಂದು ಭಾರತ ಸರಕಾರವು 2019ರಲ್ಲಿ ನಿಷೇಧಿಸಿತು. ಗೋದಲಿಗೆ ಬಿದ್ದುದು ಹಾಲಾಗಿ ಮಾಂಸವಾಗಿ ನಮ್ಮ ಒಲೆಗೇ ಬರುವದು. ಒಲೆಯನ್ನು ಕಾಯುವ ಗೃಹಿಣಿಯು ಗೋದಲಿಯ ಮೇಲೂ ಒಂದು ಕಣ್ಣಿಟ್ಟರೆ ಎರಡೂ ಕ್ಷೇಮ.