ಜೆಂಟೂ ಹಾಕೋದು ಹೇಗೆ ಅಂತ ಬರೆಯೋದು ಹೇಗೆ?

ಹೋದ ರಜೆಯಲ್ಲಿ ಚಿತ್ತಾಪುರದಿಂದ ಕಾಕಾನ ಮಗ ಫೋನ್ ಮಾಡಿದ. ಡಿಪ್ಲೊಮಾ ಮೊದಲ ವರ್ಷ ಓದ್ತಿದ್ದಾನೆ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. “ಅಣ್ಣಾ, ಡಿ ಡ್ರೈವ್ ಕಾಣವಲ್ದು. ನೀ ಬರ್ದಂಗೇ ಮಾಡೀನಿ ನೋಡು.”

ನಾನು ಬರೆದದ್ದು ಅಂದರೆ ಜೆಂಟೂ ಲಿನಕ್ಸ್ ಇನ್‌ಸ್ಟಾಲ್ ಮಾಡುವ ಬಗ್ಗೆ ನಾಲ್ಕು ಪುಟದ ಕನ್ನಡ ನೋಟ್ಸ್. ಡಿ ಡ್ರೈವ್‌ನಲ್ಲಿ ಇದ್ದದ್ದು ಅಕ್ಕನ ಮದುವೆ ಫೋಟೋ, ಕಾಕಾ ಸ್ಕ್ಯಾನ್ ಮಾಡಿಸಿಟ್ಟಿದ್ದ ಹೊಲದ ಕಾಗದಪತ್ರ.

ಜೆಂಟೂ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಉಬುಂಟು ಹಾಕಿದರೆ ತಯಾರಾದ ಪ್ರೋಗ್ರಾಂಗಳು ಸಿಗುತ್ತವೆ, ಅಂಗಡಿಯಿಂದ ಸಿಮೆಂಟ್ ಚೀಲ ತಂದ ಹಾಗೆ. ಜೆಂಟೂದಲ್ಲಿ ಸೋರ್ಸ್ ಕೋಡ್ ಬರುತ್ತೆ, ನಮ್ಮ ಕಂಪ್ಯೂಟರೇ ಅದನ್ನು ಕಂಪೈಲ್ ಮಾಡಿಕೊಳ್ಳಬೇಕು. ವಾಡಿಯ ಸುಣ್ಣದಕಲ್ಲು ಕೊಟ್ಟು, ಭಟ್ಟಿ ನೀನೇ ಹಚ್ಚು ಅಂದ ಹಾಗೆ. ಲ್ಯಾಪ್‌ಟಾಪ್ ನಿಜವಾಗಲೂ ಭಟ್ಟಿ ಥರಾನೇ ಬಿಸಿಯಾಗುತ್ತೆ. ಡೇನಿಯಲ್ ರಾಬಿನ್ಸ್ ಶುರು ಮಾಡಿದ ಈ ಸಿಸ್ಟಂನ 1.0 ಆವೃತ್ತಿ ಬಂದದ್ದು 2002ರಲ್ಲಿ. ಇಷ್ಟು ಕಷ್ಟ ಯಾಕೆ ಅಂದರೆ, ಯಾವ ಭಾಗ ಬೇಕು, ಯಾವುದು ಬೇಡ ಅಂತ ನಾವೇ ಹೇಳಬಹುದು. ಆಪರೇಟಿಂಗ್ ಸಿಸ್ಟಂ ಪಾಠದಲ್ಲಿ ಬಾಯಿಪಾಠ ಮಾಡಿದ್ದನ್ನು ಕೈಯಲ್ಲಿ ಮಾಡಿ ನೋಡೋಕೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಸಿಕ್ಕಿಲ್ಲ.

ಜೆಂಟೂಗೆ ಹ್ಯಾಂಡ್‌ಬುಕ್ ಇದೆ, ಅದು ಚೆನ್ನಾಗಿಯೂ ಇದೆ. ತೊಂದರೆ ಏನಂದರೆ ಅದು ಎಲ್ಲರಿಗೂ ಬರೆದದ್ದು. ಸರ್ವರ್‌ನವರಿಗೂ ಅದೇ, ಹಳೇ ಲ್ಯಾಪ್‌ಟಾಪಿನವರಿಗೂ ಅದೇ. ಹಾಗಾಗಿ ಪ್ರತಿ ಹೆಜ್ಜೆಯಲ್ಲೂ ಕವಲು: ಓಪನ್‌ಆರ್‌ಸಿ ಬೇಕಾ, ಸಿಸ್ಟಂಡಿ ಬೇಕಾ? ಕರ್ನಲ್ ನೀವೇ ಕಾನ್ಫಿಗರ್ ಮಾಡ್ತೀರಾ, ತಯಾರಾದದ್ದು ಹಾಕ್ತೀರಾ? ಮೊದಲ ಸಲ ಓದುವವನಿಗೆ ಉತ್ತರ ಹೋಗಲಿ, ಪ್ರಶ್ನೆಯೇ ಅರ್ಥ ಆಗಿರಲ್ಲ.

ನಾನು ಮಾಡಿದ್ದು ಇಷ್ಟು. ಕವಲುಗಳನ್ನೆಲ್ಲ ಕತ್ತರಿಸಿ, ವಿವರಣೆ ತೆಗೆದು, ಕಮಾಂಡ್‌ಗಳನ್ನು ಸಾಲಾಗಿ ಬರೆದೆ. ಚಿಕ್ಕದಾಯ್ತು, ಸರಳ ಆಯ್ತು ಅಂತ ಖುಷಿಪಟ್ಟೆ. ನನ್ನ ಲ್ಯಾಪ್‌ಟಾಪಿನಲ್ಲಿ ಇರೋದು ಒಂದೇ ಡಿಸ್ಕ್, ಅದರ ಹೆಸರು ಎಸ್‌ಡಿಎ. ನೋಟ್ಸ್‌ನಲ್ಲೂ ಎಸ್‌ಡಿಎ2 ಫಾರ್ಮ್ಯಾಟ್ ಮಾಡಿ ಅಂತಲೇ ಬರೆದಿದ್ದೆ. ತಮ್ಮನ ಲ್ಯಾಪ್‌ಟಾಪಿನಲ್ಲಿ ಎರಡು ಡಿಸ್ಕ್. ಅವನು ಜಾಗ ಖಾಲಿ ಮಾಡಿಕೊಂಡದ್ದು ಎಸ್‌ಎಸ್‌ಡಿಯಲ್ಲಿ, ಅದರ ಹೆಸರು ಎನ್‌ವಿಎಂಇ ಅಂತ ಶುರುವಾಗುತ್ತೆ. ಎಸ್‌ಡಿಎ ಅಂದರೆ ಫೋಟೋ ಇದ್ದ ಹಾರ್ಡ್ ಡಿಸ್ಕ್. ಇದರಲ್ಲಿ ಈಗಾಗಲೇ ಒಂದು ಫೈಲ್ ಸಿಸ್ಟಂ ಇದೆ, ಮುಂದುವರಿಯಲೇ ಅಂತ ಫಾರ್ಮ್ಯಾಟ್ ಕಮಾಂಡ್ ಇಂಗ್ಲಿಷಿನಲ್ಲಿ ಕೇಳಿದೆ. ನನ್ನ ನೋಟ್ಸ್‌ನಲ್ಲಿ ಏನಿತ್ತು ಗೊತ್ತಾ? “ಏನಾದರೂ ಕೇಳಿದರೆ ವೈ ಒತ್ತಿ.” ಅವನು ಒತ್ತಿದ.

ಪುಣ್ಯಕ್ಕೆ ಅದು ಹಾರ್ಡ್ ಡಿಸ್ಕ್, ಮತ್ತು ಆಮೇಲೆ ಅದರ ಮೇಲೆ ಏನೂ ಬರೆದಿರಲಿಲ್ಲ. ಅದನ್ನು ಮುಟ್ಟಬೇಡ ಅಂತ ಹೇಳಿ ನಾನೇ ಹೋಗಿ, ಫೋಟೋರೆಕ್ ಅನ್ನೋ ಪ್ರೋಗ್ರಾಂ ಓಡಿಸಿ ಸುಮಾರು ಫೈಲ್ ವಾಪಸ್ ತೆಗೆದೆ. ಹೆಸರು, ಫೋಲ್ಡರ್ ಎಲ್ಲ ಹೋಗಿ ಬರೀ ನಂಬರ್ ಉಳಿದಿತ್ತು. ಮದುವೆ ವಿಡಿಯೋ ಬರಲೇ ಇಲ್ಲ. ಕಾಕಾ ಬೈಯಲಿಲ್ಲ, ಕಾಕು ಮಾತ್ರ ಎರಡು ದಿನ ಮಾತಾಡಿಸಲಿಲ್ಲ.

ಆಮೇಲೆ ನೋಟ್ಸ್ ಮತ್ತೆ ಬರೆದೆ. ಈ ಸಲ ಆರಿಸುವ ಕೆಲಸವನ್ನಷ್ಟೇ ಕಡಿಮೆ ಮಾಡಿದೆ, ವಿವರಣೆ ಉಳಿಸಿಕೊಂಡೆ. ಪಾರ್ಟಿಶನ್‌ಗೆ ಮೊದಲು ‘ವಿಭಜನೆ’ ಅಂತ ಬರೆದಿದ್ದೆ (ಡಿಕ್ಷನರಿ ನೋಡಿ!). ತಮ್ಮ ಕೇಳಿದ, “ಅಂದ್ರ ಹಿಸ್ಸಾ ಏನು?” ಹೌದಲ್ಲ! ಡಿಸ್ಕ್ ಅಂದರೆ ಸರ್ವೆ ನಂಬರ್, ಪಾರ್ಟಿಶನ್ ಅಂದರೆ ಅದರೊಳಗಿನ ಹಿಸ್ಸಾ. ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಅಂದರೆ ಪಹಣಿ ತೆಗೆಸಿ ನೋಡೋದು. ಪಹಣಿ ನೋಡದೆ ಬೇರೆಯವರ ಹಿಸ್ಸಾದಲ್ಲಿ ಗಳೆ ಹೊಡೆದರೆ ಏನಾಗುತ್ತೆ ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಈಗ ನೋಟ್ಸ್‌ನಲ್ಲಿ ಡಿಸ್ಕಿನ ಹೆಸರು ಎಲ್ಲೂ ಇಲ್ಲ. ಎಲ್‌ಎಸ್‌ಬಿಎಲ್‌ಕೆ ಕೊಟ್ಟು, ಸೈಜ್ ನೋಡಿ ಗುರುತಿಸಿ, ಹೆಸರನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ ಅಂತ ಇದೆ. ಎಚ್ಚರಿಕೆ ಕಮಾಂಡ್‌ಗಿಂತ ಮುಂಚೆ ಬರುತ್ತೆ. ಕೆಳಗೆ ಬರೆದರೆ ಉಪಯೋಗ ಇಲ್ಲ, ಎಂಟರ್ ಒತ್ತಿದ ಮೇಲೆ ಯಾರು ಓದ್ತಾರೆ? ಮೌಂಟ್, ಕರ್ನಲ್, ಬೂಟ್‌ಲೋಡರ್ ಇವನ್ನು ಹಾಗೇ ಬಿಟ್ಟಿದ್ದೀನಿ. ಅವುಗಳಿಗೆ ಹೊಸ ಕನ್ನಡ ಪದ ಕಟ್ಟಿದರೆ ನಾಳೆ ಎರರ್ ಬಂದಾಗ ಹುಡುಕೋಕೂ ಆಗಲ್ಲ.

ಹೊಸ ನೋಟ್ಸ್ ಅನ್ನು ಬೇರೆ ಬೇರೆ ಊರಿನ ನಾಲ್ಕು ಜನಕ್ಕೆ ಕೊಟ್ಟು, ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಶಹಾಬಾದಿನ ಗೆಳೆಯನ ಹಳೇ ಲ್ಯಾಪ್‌ಟಾಪಿನಲ್ಲಿ 4 ಜಿಬಿ ರ‍್ಯಾಮ್, ಕಂಪೈಲ್ ನಡುವೆ ನಿಂತೇ ಹೋಯ್ತು. ಒಂದೊಂದು ಜಾಬ್‌ಗೆ 2 ಜಿಬಿ ಅಂತ ಲೆಕ್ಕ ಇಡಬೇಕು, ಅಂದರೆ ಅವನಿಗೆ 2 ಜಾಬ್ ಸಾಕು. ಚಿಂಚೋಳಿ ಹುಡುಗನ ಹಳ್ಳಿಯಲ್ಲಿ ನೆಟ್‌ವರ್ಕ್ ಸರಿ ಇಲ್ಲ, ಸ್ಟೇಜ್ 3 ಫೈಲ್ ಅನ್ನು ಪೆನ್‌ಡ್ರೈವ್‌ನಲ್ಲೇ ಕೊಟ್ಟೆ. ವಾಡಿಯವಳು ಒಂದು ಕಡೆಯೂ ನಿಲ್ಲಲಿಲ್ಲ, ನನಗಿಂತ ಜಾಣೆ.

ಸೇಡಂನಲ್ಲಿ ಕರೆಂಟ್ ಹೋಯ್ತು. ಅದರ ಬಗ್ಗೆ ನಾನು ಒಂದು ಸಾಲೂ ಬರೆದಿರಲಿಲ್ಲ. ಅವನು ಮತ್ತೆ ಒಂದನೇ ಪುಟದಿಂದ ಶುರು ಮಾಡಿ, ಆರು ಗಂಟೆಯ ಕೆಲಸವನ್ನು ಫಾರ್ಮ್ಯಾಟ್ ಮಾಡೋಕೆ ಹೊರಟಿದ್ದ. ಬಾಯಿ ಬಿಡಲೇಬೇಕಾಯ್ತು. ನಿಜ ಹೇಳಬೇಕಂದರೆ, ಕರೆಂಟ್ ಹೋದರೆ ಡಿಸ್ಕಿಗೆ ಬರೆದದ್ದು ಸಾಮಾನ್ಯವಾಗಿ ಉಳಿದಿರುತ್ತೆ. ಪೆನ್‌ಡ್ರೈವ್‌ನಿಂದ ಮತ್ತೆ ಬೂಟ್ ಮಾಡಿ, ಫಾರ್ಮ್ಯಾಟ್ ಬಿಟ್ಟು ಬರೀ ಮೌಂಟ್ ಮಾಡಿ, ಕ್ರೂಟ್ ಮೂಲಕ ಒಳಗೆ ಹೋಗಿ ‘ಎಮರ್ಜ್ ರೆಸ್ಯೂಮ್’ ಕೊಟ್ಟರೆ ಆಯ್ತು. ಅರ್ಧಕ್ಕೆ ನಿಂತ ಒಂದು ಪ್ಯಾಕೇಜ್ ಮಾತ್ರ ಮೊದಲಿಂದ ಆಗುತ್ತೆ, ಮುಗಿದವು ಮುಗಿದಂತೆಯೇ. ನಮ್ಮ ಕಡೆಯವರಿಗೆ ಬರೆಯುವ ನೋಟ್ಸ್‌ನಲ್ಲಿ ಇದು ಮೊದಲ ಪುಟದಲ್ಲೇ ಇರಬೇಕು, ಈಗ ಇದೆ. ಪ್ರತಿ ಹೆಜ್ಜೆಗೂ ಎಷ್ಟು ಹೊತ್ತು ಹಿಡಿಯುತ್ತೆ, ಸರಿಯಾಗಿದ್ದರೆ ಪರದೆ ಮೇಲೆ ಏನು ಕಾಣುತ್ತೆ ಅನ್ನೋದನ್ನೂ ಸೇರಿಸಿದ್ದೀನಿ.

ಕರ್ನಲ್ ಮಾತ್ರ ತಯಾರಾದದ್ದನ್ನೇ ಹಾಕಿಸ್ತೀನಿ. ಅದು ಜೆಂಟೂನೇ ಅಲ್ಲ ಅಂತ ಸೀನಿಯರ್‌ಗಳು ನಗ್ತಾರೆ. ಆದರೆ 2023ರ ಡಿಸೆಂಬರ್‌ನಿಂದ ಜೆಂಟೂದವರೇ ತಯಾರಾದ ಪ್ಯಾಕೇಜ್‌ಗಳನ್ನೂ ಕೊಡ್ತಿದ್ದಾರೆ. ಮೊದಲು ಒಂದು ಸಲ ಬೂಟ್ ಆಗಲಿ, ಭಟ್ಟಿ ಆಮೇಲೆ ಹಚ್ಚಿದರಾಯ್ತು.

ವಿಂಡೋಸ್ ಜೊತೆಗೆ ಇಟ್ಟುಕೊಳ್ಳೋರಿಗೆ ಬೂಟ್‌ಲೋಡರ್ ಭಾಗ ಇನ್ನೂ ಸರಿ ಬರೆದಿಲ್ಲ. ತಮ್ಮನ ಲ್ಯಾಪ್‌ಟಾಪಿನಲ್ಲೇ ಮಾಡಿ ನೋಡಿ ಬರೀತೀನಿ. ಅವನು ಒಪ್ಪಿದ್ದಾನೆ, ಹಾರ್ಡ್ ಡಿಸ್ಕ್ ಬಿಚ್ಚಿ ಕಾಕುನ ಕೈಗೆ ಕೊಟ್ಟ ಮೇಲೆ.