‘ಸೆಲ್ಫ್’ ಹೋದಾಗ: ಕಂಪನಿಯದೋ, ಹೊರಗಿನದೋ?

ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು, ಎಂಜಿನ್ ಅಲುಗುವುದಿಲ್ಲ. ನಾಲ್ಕು ಜನ ತಳ್ಳಿ ಗಾಡಿಯನ್ನು ಗ್ಯಾರೇಜಿಗೆ ಸೇರಿಸಿದರೆ ಮೆಕ್ಯಾನಿಕ್ಕನ ಮೊದಲ ಮಾತು: ‘ಸೆಲ್ಫ್ ಹೋಗಿದೆ ಸಾರ್. ಕಂಪನೀದು ಹಾಕ್ಲಾ, ಲೋಕಲ್ ಸಾಕಾ?’ ಬೆಲೆಯಲ್ಲಿ ಅಜಗಜಾಂತರ. ಬಾಡಿಗೆ ಗಾಡಿ ಓಡಿಸುವವನಿಗೆ ಆ ವ್ಯತ್ಯಾಸವೆಂದರೆ ಹಲವು ದಿನಗಳ ದುಡಿಮೆ.

ಆದರೆ ಈ ಪ್ರಶ್ನೆಯೇ ಕೊಂಚ ದಾರಿ ತಪ್ಪಿಸುವಂಥದು. ಕಾರು ಕಂಪನಿಗಳು ಸಾಮಾನ್ಯವಾಗಿ ಸ್ಟಾರ್ಟರ್ ಮೋಟಾರನ್ನು ತಾವೇ ಮಾಡುವುದಿಲ್ಲ. 1961ರಲ್ಲಿ ಆರಂಭವಾದ ಲ್ಯೂಕಾಸ್-ಟಿವಿಎಸ್, ಡೆನ್ಸೊ, ವ್ಯಾಲಿಯೊದಂಥವರಿಂದ ತರಿಸಿಕೊಳ್ಳುತ್ತವೆ. ನಮ್ಮ ಬೆಂಗಳೂರಿನಲ್ಲೇ ಬಾಷ್ ಇವನ್ನು ತಯಾರಿಸುತ್ತಿತ್ತು. 2018ರಲ್ಲಿ ಆ ವಿಭಾಗ ಕೈಬದಲಾಗಿ ಎಸ್‌ಇಜಿ ಆಟೊಮೋಟಿವ್ ಆಯಿತು. ಇಂಥ ತಯಾರಕರ ಮೋಟಾರು ಕಾರು ಕಂಪನಿಯ ಪೆಟ್ಟಿಗೆಯಲ್ಲಿ ಬಂದರೆ ‘ಜೆನ್ಯೂಯಿನ್’. ತಯಾರಕರದೇ ಪೆಟ್ಟಿಗೆಯಲ್ಲಿ ಜೆ.ಸಿ. ರಸ್ತೆಯ ಅಂಗಡಿಗೆ ಬಂದರೆ ‘ಹೊರಗಿನದು’. ಇದನ್ನೂ, ಹೆಸರಿಲ್ಲದ ನಕಲನ್ನೂ, ಹಳೆಯದಕ್ಕೆ ಬಣ್ಣ ಬಳಿದ ರೀಕಂಡೀಷನ್ ಮಾಲನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಅಂಗಡಿಯವನು ಬ್ಯಾಟರಿ ತಂತಿ ಮುಟ್ಟಿಸಿ ತೋರಿಸಿದಾಗ ಎಲ್ಲವೂ ‘ಗುಂಯ್’ ಎಂದೇ ತಿರುಗುತ್ತವೆ. ಹೊರೆಯಿಲ್ಲದೆ ತಿರುಗುವುದು ದೊಡ್ಡ ಮಾತಲ್ಲ. ಹೆಡ್‌ಲೈಟಿನ ಒಂದು ಬಲ್ಬು ಎಳೆಯುವುದು ಸುಮಾರು 5 ಆಂಪಿಯರ್. ಎಂಜಿನ್ ತಿರುಗಿಸುವಾಗ ಕಾರಿನ ಸೆಲ್ಫ್ ಎಳೆಯುವುದು 100ರಿಂದ 200. ಡೀಸೆಲ್ ಗಾಡಿಗೆ ಇನ್ನೂ ಹೆಚ್ಚು. ಅಷ್ಟು ವಿದ್ಯುತ್ ಹರಿದಾಗ ಹುಟ್ಟುವ ಶಾಖವೇ ನಿಜವಾದ ಪರೀಕ್ಷಕ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇಕಡ 0.4ರಷ್ಟು ಏರುತ್ತದೆ. ಘಾಟಿ ಹತ್ತಿ ಬಂದ ಗಾಡಿಯ ಎಂಜಿನ್ ಪಕ್ಕದಲ್ಲಿ ಕುದಿಯುತ್ತಿರುವ ಮೋಟಾರು ಬೆಳಗಿನದಕ್ಕಿಂತ 75 ಡಿಗ್ರಿ ಬಿಸಿಯಾಗಿದ್ದರೆ ರೋಧ ಶೇಕಡ 30ರಷ್ಟು ಹೆಚ್ಚಿರುತ್ತದೆ. ತೆಳು ತಂತಿ, ಅಗ್ಗದ ವಾರ್ನಿಷ್, ಬಿಸಿಗೆ ಸೋಲುವ ಬ್ರಷ್ ಸ್ಪ್ರಿಂಗ್ ಹಾಕಿದ ನಕಲಿನ ಬಣ್ಣ ಬಯಲಾಗುವುದು ಅಲ್ಲೇ: ಬೆಳಿಗ್ಗೆ ಚೆನ್ನಾಗಿ ಎತ್ತಿದ್ದು, ಚಹಾ ಕುಡಿದು ಬರುವಷ್ಟರಲ್ಲಿ ಮುಷ್ಕರ ಹೂಡುತ್ತದೆ.

ಇದಕ್ಕಿಂತ ದುಬಾರಿ ಅಪಾಯ ಹಲ್ಲಿನದು. ಸೆಲ್ಫಿನ ಪಿನಿಯನ್ ಹೋಗಿ ಫ್ಲೈವೀಲಿನ ರಿಂಗ್ ಗೇರಿಗೆ ಕಚ್ಚಬೇಕು. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಅದು ರಿಂಗನ್ನು ತಿನ್ನತೊಡಗುತ್ತದೆ. ಆಮೇಲೆ ಗೇರ್‌ಬಾಕ್ಸ್ ಇಳಿಸಬೇಕು. ಉಳಿಸಿದ ಹಣ ಬಡ್ಡಿಸಮೇತ ಹೋಗುತ್ತದೆ. ಹಳೆಯದನ್ನು ಜೊತೆಗೊಯ್ದು ಹಲ್ಲು ಎಣಿಸಿ, ಬೋಲ್ಟ್ ತೂತು ಹೊಂದಿಸಿ ನೋಡದೆ ಕೊಳ್ಳಲೇಬೇಡಿ.

ಹೊರಗಿನದೇ ಗೆಲ್ಲುವ ಸಂದರ್ಭವೂ ಉಂಟು. ಹಳೆಯ ಜೀಪು, ಅಂಬಾಸಡರ್‌ಗಳ ಮೂಲ ಸೆಲ್ಫ್ ಒಂದು ಭಾರಿ ಗುಂಡುಕಲ್ಲು. ಅದರ ಜಾಗಕ್ಕೆ ಒಳ್ಳೆಯ ತಯಾರಕರ ಗೇರ್ ರಿಡಕ್ಷನ್ ಮೋಟಾರು ಸಿಕ್ಕರೆ ಧಾರಾಳವಾಗಿ ಹಾಕಿಸಬಹುದು. ಇದರಲ್ಲಿ ಚಿಕ್ಕ ಮೋಟಾರು ವೇಗವಾಗಿ ತಿರುಗಿ ಗೇರಿನ ಮೂಲಕ ಬಲ ಹೆಚ್ಚಿಸಿಕೊಳ್ಳುತ್ತದೆ. ತೂಕವೂ ಕಡಿಮೆ, ಬ್ಯಾಟರಿಗೆ ಹೊರೆಯೂ ಕಡಿಮೆ. ಒಂದು ಎಚ್ಚರಿಕೆ: ಇವುಗಳಲ್ಲಿ ಅನೇಕಕ್ಕೆ ಕಾಯಂ ಅಯಸ್ಕಾಂತ ಇರುತ್ತದೆ. ಸ್ಪ್ಯಾನರಿನಿಂದ ಎರಡು ಏಟು ಕೊಡುವ ನಮ್ಮ ಹಳೆಯ ಚಿಕಿತ್ಸೆ ಇಲ್ಲಿ ನಡೆಯದು, ಅಯಸ್ಕಾಂತ ಬಿರಿಯುತ್ತದೆ.

ಸಿಗ್ನಲ್ಲಿನಲ್ಲಿ ತಾನೇ ನಿಂತು ತಾನೇ ಚಾಲೂ ಆಗುವ ಈಚಿನ ಕಾರುಗಳ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ. ದಿನಕ್ಕೆ ಹತ್ತಾರು ಬಾರಿ ದುಡಿಯಲೆಂದೇ ಅವುಗಳ ಸೆಲ್ಫನ್ನು ಗಟ್ಟಿಯಾಗಿ ರೂಪಿಸಿರುತ್ತಾರೆ. ಅಲ್ಲಿಗೆ ಸಾಮಾನ್ಯ ಮೋಟಾರು ಹಾಕಿದರೆ ಬಹಳ ಬೇಗ ಸವೆಯುತ್ತದೆ.

ಇಷ್ಟಕ್ಕೂ ತಪ್ಪು ಸೆಲ್ಫಿನದೇ ಎಂದು ಮೊದಲು ಖಚಿತವಾಗಲಿ. ಮೀಟರು ಹಿಡಿದು ಕೀಲಿ ತಿರುಗಿಸಲು ಹೇಳಿ. ಬ್ಯಾಟರಿ 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಮೊದಲು ಬ್ಯಾಟರಿಯನ್ನೇ ಪರೀಕ್ಷಿಸಿ. ಬ್ಯಾಟರಿಯಲ್ಲಿರುವ ವೋಲ್ಟೇಜು ಸೆಲ್ಫಿನ ತುದಿಗೆ ಬರುವಷ್ಟರಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಸೋರಿದ್ದರೆ ಕಳ್ಳ ಇರುವುದು ಕೇಬಲ್ಲಿನಲ್ಲಿ, ಕಿಲುಬು ಹಿಡಿದ ಟರ್ಮಿನಲ್ಲಿನಲ್ಲಿ. ಅರ್ತ್ ಪಟ್ಟಿಯನ್ನೂ ಹೀಗೆಯೇ ನೋಡಿ. ಎಲ್ಲ ಸರಿಯಿದ್ದರೂ ಹೊಸದನ್ನು ಕೊಳ್ಳುವ ಮುನ್ನ ಒಬ್ಬ ಆಟೊ ಎಲೆಕ್ಟ್ರಿಷಿಯನ್ನನಿಂದ ಬಿಚ್ಚಿಸಿ ನೋಡಿ. ಸವೆದ ಕಾರ್ಬನ್ ಬ್ರಷ್ಷು, ಬುಷ್ಷು ಬದಲಿಸಿದರೆ ಮೂಲ ಸೆಲ್ಫೇ ಇನ್ನಷ್ಟು ವರ್ಷ ದುಡಿಯಬಹುದು. ಆರ್ಮೇಚರ್ ಸುಟ್ಟಿದ್ದರಷ್ಟೇ ಜೆ.ಸಿ. ರಸ್ತೆಯ ದಾರಿ ಹಿಡಿಯಿರಿ.