ಕೋಶಕೋಶಗಳ ಬೆಸುಗೆ

ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡ ಮೇಲೆ ಬೆಸುಗೆಯೆಂದರೇನೆಂಬುದನ್ನು ಅಲ್ಲಿನ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಎರಡು ತುಂಡು ಲೋಹವನ್ನು ಒಂದಾಗಿಸುವ ವಿದ್ಯೆ ಅದು. ನಮ್ಮ ಮೈಯಲ್ಲಿಯೂ ಅಂತಹುದೊಂದು ಬೆಸುಗೆಯುಂಟು. ಅದಿಲ್ಲದಿದ್ದರೆ ಕೋಟಿಗಟ್ಟಲೆ ಜೀವಕೋಶಗಳು ಒಣಮರಳಿನ ರಾಶಿಯಂತೆ ಜಾರಿ ಹೋಗುತ್ತಿದ್ದುವು.

1907ರಲ್ಲಿ ಅಮೆರಿಕದ ವಿಜ್ಞಾನಿ ಎಚ್. ವಿ. ವಿಲ್ಸನ್ ಸಮುದ್ರದ ಜೀವಂತ ಸ್ಪಂಜನ್ನು, ಗೃಹಿಣಿಯರು ಕಾಯಿಹಾಲು ಹಿಂಡುವ ಹಾಗೆ, ತೆಳ್ಳನೆಯ ಬಟ್ಟೆಯಲ್ಲಿ ಹಿಂಡಿದನು. ಬಿಡಿಬಿಡಿಯಾಗಿ ನೀರಿಗೆ ಬಿದ್ದ ಕೋಶಗಳು ಸಾಯಲಿಲ್ಲ. ತೆವಳಿ ತೆವಳಿ ಒಂದನ್ನೊಂದು ಸೇರಿ ಮತ್ತೆ ಸ್ಪಂಜುಗಳಾದುವು! ಒಂದು ಕೋಶ ಇನ್ನೊಂದನ್ನು ಹಿಡಿದುಕೊಳ್ಳುವ ಕೈ ಯಾವುದು? ಉತ್ತರಕ್ಕೆ ಬಹುಕಾಲ ಹಿಡಿಯಿತು. ಜಪಾನಿನ ಮಸಾತೋಶಿ ತಾಕೆಇಚಿ ಕಂಡುಹಿಡಿದ 'ಕ್ಯಾಡ್‌ಹೆರಿನ್' ಅಂತಹ ಕೈಗಳಲ್ಲೊಂದು. ಅದೊಂದು ಪ್ರೋಟೀನು, ಕ್ಯಾಲ್ಸಿಯಂ ಇದ್ದರೆ ಮಾತ್ರ ಅದರ ಹಿಡಿತ ಗಟ್ಟಿ. ಕೋಶವನ್ನು ತಾನು ಕುಳಿತ ನೆಲಕ್ಕೆ ಅಂಟಿಸುವ ಪ್ರೋಟೀನುಗಳು ಬೇರೆಯೇ ಇವೆ. ನೆಲದಲ್ಲಿ ಹಾಸಿಕೊಂಡಿರುವುದು ಫೈಬ್ರೊನೆಕ್ಟಿನ್. ಅದನ್ನು ಹಿಡಿಯಲು ಕೋಶದಿಂದ ಹೊರಚಾಚಿರುವುದು ಇಂಟೆಗ್ರಿನ್.

ಈ ಸೂಕ್ಷ್ಮ ವಿಚಾರಕ್ಕೂ ಶಿವಮೊಗ್ಗಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವಿದೆ, ಅದು ಪ್ರಾಣದ ಸಂಬಂಧ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು. ಹಿಂದೆಯೇ ಜನರಿಗೆ ತೀವ್ರ ಜ್ವರ, ತಲೆನೋವು, ಕೆಲವರಿಗೆ ರಕ್ತಸ್ರಾವ. ಉಣುಗುಗಳ ಕಡಿತದಿಂದ ಹರಡುವ ವೈರಸ್ಸೊಂದು ಇದಕ್ಕೆ ಕಾರಣವೆಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪತ್ತೆಮಾಡಿದರು. ಮಲೆನಾಡಿನವರ ಬಾಯಲ್ಲಿ ಅದು ಮಂಗನ ಕಾಯಿಲೆ. ಶಂಕಿತರ ರಕ್ತಪರೀಕ್ಷೆಗೆಂದು ಶಿವಮೊಗ್ಗದಲ್ಲಿಯೇ ಪ್ರಯೋಗಾಲಯವೊಂದು ಏರ್ಪಟ್ಟಿತು.

ವೈರಸ್ಸು ತಾನಾಗಿ ಬೆಳೆಯದು, ಅದಕ್ಕೆ ಜೀವಂತ ಕೋಶ ಬೇಕು. ಆದುದರಿಂದ ಈ ರೋಗದ ಲಸಿಕೆಗೆ ಕೋಳಿಮೊಟ್ಟೆಯೊಳಗಿನ ಭ್ರೂಣದ ಕೋಶಗಳನ್ನು ಬಳಸಿದರು. ಇಂತಹ ಕೃಷಿಯಲ್ಲಿ ಮೊದಲು ಟ್ರಿಪ್ಸಿನ್ ಎಂಬ ಕಿಣ್ವದಿಂದ ಕೋಶಗಳನ್ನು ಬಿಡಿಸುತ್ತಾರೆ. ಆ ಕಿಣ್ವ ಕತ್ತರಿಸುವುದು ಮೇಲೆ ಹೇಳಿದ ಕೈಗಳನ್ನೇ! ಕೋಶಗಳು ಮತ್ತೆ ಕೈ ಚಿಗುರಿಸಿಕೊಂಡು ಪಾತ್ರೆಯ ತಳಕ್ಕೆ ಅಂಟಿ, ಒಂದೇ ಪದರವಾಗಿ ಹರಡಬೇಕು. ಅಂಟದ ಕೋಶ ಬೆಳೆಯುವುದಿಲ್ಲ. ಕೋಶ ಬೆಳೆಯದಿದ್ದರೆ ವೈರಸ್ಸಿಲ್ಲ, ಲಸಿಕೆಯೂ ಇಲ್ಲ. ಹೀಗೆ ಬೆಳೆದ ವೈರಸ್ಸನ್ನು ಫಾರ್ಮಾಲಿನ್‌ನಿಂದ ನಿರ್ಜೀವಗೊಳಿಸಿದ ಮೇಲೆ ಅದು ಲಸಿಕೆಯಾಗುತ್ತಿತ್ತು.

ಇಂದು ಮನುಷ್ಯನ ಈ ಬೆಸುಗೆ ಪ್ರೋಟೀನುಗಳನ್ನೇ ಪ್ರಯೋಗಾಲಯದಲ್ಲಿ ತಯಾರಿಸುತ್ತಾರೆ. ಪ್ರೋಟೀನಿನ ಜೀನನ್ನು, ಅನೇಕ ವೇಳೆ ಕೋಶದ ಹೊರಗೆ ಚಾಚುವ ಭಾಗದ್ದನ್ನು ಮಾತ್ರ, ಬೇರೊಂದು ಕೋಶಕ್ಕೆ ಸೇರಿಸುತ್ತಾರೆ. ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ಕೆಲಸ ಅಗ್ಗ. ಆದರೆ ಮಾನವ ಪ್ರೋಟೀನಿಗೆ ಅಂಟಿಕೊಂಡಿರುವ ಸಕ್ಕರೆಯ ಸರಗಳನ್ನು ಅದು ನಮ್ಮ ಕೋಶಗಳಂತೆ ಪೋಣಿಸಲಾರದು. ಆದಕಾರಣ ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶಗಳನ್ನೋ ಮನುಷ್ಯನ ಕೋಶಗಳನ್ನೋ ಆರಿಸುವುದುಂಟು. ಶುದ್ಧಿ ಮಾಡಿ, ಶೀತದಲ್ಲಿ ಒಣಗಿಸಿದ ಪುಡಿ ಸಣ್ಣ ಸೀಸೆಯಲ್ಲಿ ಬರುತ್ತದೆ. ಅದರ ತೂಕ ಮೈಕ್ರೋಗ್ರಾಂಗಳಲ್ಲಿ, ಬೆಲೆ ಮಾತ್ರ ಅಷ್ಟು ಸಣ್ಣದಲ್ಲ. ಸಂಶೋಧನೆಗೆ ಮಾತ್ರ, ಔಷಧವಾಗಿ ಬಳಸಬಾರದೆಂಬ ಎಚ್ಚರಿಕೆಯೂ ಅದರ ಮೇಲಿರುತ್ತದೆ. ಹಟಮಾರಿ ಕೋಶಗಳನ್ನು ಪಾತ್ರೆಗೆ ಅಂಟಿಸಲು ಅದನ್ನು ತಳದಲ್ಲಿ ಲೇಪಿಸುವರು. ಅರ್ಬುದದ ಕೋಶ ನೆರೆಯವರ ಕೈಬಿಟ್ಟು ಹೇಗೆ ಅಲೆಯತೊಡಗುತ್ತದೆಂದು ಅರಿಯಲೂ ಅದು ಬೇಕು.

ಮಂಗನ ಕಾಯಿಲೆಯ ಆ ಹಳೆಯ ಲಸಿಕೆಯನ್ನು, ಅದರ ಶಕ್ತಿ ಸಾಲದೆಂದು ಕಂಡುಬಂದುದರಿಂದ, 2022ರಲ್ಲಿ ನಿಲ್ಲಿಸಲಾಯಿತು. ಹೊಸದರ ಪ್ರಯತ್ನವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೊಂಡಿದೆ. ರೋಗದ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಸೌದೆಗೂ ದರಗಿಗೂ ಕಾಡಿಗೆ ಹೋಗಲೇಬೇಕಾದ ಕಾಲವೂ ಅದೇ. ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು, ತುಂಬುತೋಳಿನ ಅಂಗಿ ತೊಟ್ಟು ಜನ ಹೊರಡುತ್ತಾರೆ. ಮರಳಿ ಬಂದೊಡನೆ ಬಿಸಿನೀರಿನಲ್ಲಿ ಮಿಂದು, ಮೈಮೇಲೆ ಉಣುಗು ಕಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳುತ್ತಾರೆ.